ಕುಂಡದಲ್ಲಿ ನಿಂತ ನೀರು

ತೊಟ್ಟಿಕ್ಕುತ್ತಿದ್ದ ಬೆಡ್‌ಶೀಟಿನ ಒಂದು ತುದಿಯನ್ನು ಹಗ್ಗಕ್ಕೆ ಸಿಕ್ಕಿಸಿ, ಇನ್ನೊಂದು ತುದಿಗೆ ಕ್ಲಿಪ್ಪು ಹುಡುಕುತ್ತಿದ್ದೆ. ಮೊಣಕೈ ಒಂದು ಕುಂಡಕ್ಕೆ ತಗುಲಿತು. ಅಷ್ಟಕ್ಕೇ ಗಿಡ ಪಕ್ಕಕ್ಕೆ ವಾಲಿತು. ನೆಟ್ಟಗೆ ನಿಲ್ಲಿಸಲು ಹೋದರೆ ಕಾಂಡ ಕೈಗೇ ಬಂತು, ಬೆಂದ ತರಕಾರಿಯಂತೆ ಮೆತ್ತಗೆ. ಮಣ್ಣಿನಿಂದ ಕೊಳೆತ ವಾಸನೆ. ಬಾಲ್ಕನಿಯಲ್ಲಿ ಹೀಗೆ ಸತ್ತ ಗಿಡ ಇದೇ ಮೊದಲಲ್ಲ.

ಆಗಲೇ ಮೇಲಿನಿಂದ ಒಂದು ಹನಿ ಕತ್ತಿನ ಮೇಲೆ ಬಿತ್ತು. ತಲೆಯೆತ್ತಿ ನೋಡಿದೆ. ಟೈಲರಮ್ಮನ ಬಾಲ್ಕನಿ. ಓಹೋ, ಸೋಪಿನ ನೀರು!

ಈ ಗಿಡಗಳನ್ನು ನಾನು ತಂದದ್ದು ಚಂದಕ್ಕಲ್ಲ, ನನ್ನ ಗಂಡನಿಗಾಗಿ. ಸೇತುವೆಗಳ ನಕ್ಷೆ ಬರೆಯುವ ಮನುಷ್ಯ ಅವರು. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ, ಕೊನೆಗೆ ಹಾಸಿಗೆ ಬಿಟ್ಟು ಏಳುವುದೇ ನಿಂತುಹೋಯಿತು. ಖಿನ್ನತೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಕೆಲಸಕ್ಕೆ ರಜೆ ಹಾಕಿಸಿದರು. ಮಗಳಿಗೆ ಮಾತ್ರ ನಾವು ಬೆನ್ನುನೋವು ಎಂದು ಹೇಳಿದೆವು. ಅವಳು ನಂಬಿದಂತೆ ತಲೆಯಾಡಿಸಿದಳು. ಅಂದಿನಿಂದ ನಮ್ಮಿಬ್ಬರನ್ನೂ ಓರೆಗಣ್ಣಲ್ಲಿ ನೋಡುತ್ತಾಳೆ. ಏನೋ ಕೇಳಲು ಬಾಯಿ ತೆರೆಯುತ್ತಾಳೆ, ಮತ್ತೆ ಮುಚ್ಚಿಕೊಳ್ಳುತ್ತಾಳೆ.

ನಾನು ಪತ್ರಿಕೆಗೆ ವಿಜ್ಞಾನ ಬರೆಯುವವಳು. ಹಸಿರಿನ ನಡುವೆ ಇದ್ದರೆ ಮನಸ್ಸು ಹಗುರಾಗುತ್ತದೆ, ಗಿಡ ಸಾಕುವವರಿಗೆ ದಿನಾ ಬೆಳಗ್ಗೆ ಏಳಲು ಒಂದು ಕಾರಣ ಸಿಗುತ್ತದೆ ಎಂದೆಲ್ಲ ಬರೆದಿದ್ದೇನೆ. ಸುಳ್ಳೇನಲ್ಲ. ಆದರೆ ಸಂಶೋಧನೆಗಳು ಹೇಳುವುದು ಸರಾಸರಿಯ ಮಾತು. ಸರಾಸರಿ ಮನುಷ್ಯ ಯಾರ ಮನೆಯಲ್ಲೂ ವಾಸವಿರುವುದಿಲ್ಲ. ಅದು ಗೊತ್ತಿದ್ದೂ ಕುಂಡಗಳನ್ನು ಸಾಲಾಗಿ ಇಟ್ಟು, "ರೀ, ದಿನಾ ಇದಕ್ಕೆ ನೀರು ಹಾಕೋದು ನಿಮ್ಮ ಕೆಲಸ" ಎಂದಿದ್ದೆ.

ಮೆಟ್ಟಿಲು ಹತ್ತಿ ಟೈಲರಮ್ಮನ ಬಾಗಿಲು ತಟ್ಟಿದೆ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಾಗಿಲು ತೆರೆದರು.

"ಫ್ರಾಕು ಇನ್ನೂ ಆಗಿಲ್ಲ ಅಕ್ಕ."

"ಫ್ರಾಕಿನ ವಿಷಯ ಅಲ್ಲ. ನಿಮ್ಮ ಸೋಪಿನ ನೀರು ಬಿದ್ದು ನನ್ನ ಗಿಡ ಎಲ್ಲಾ ಸಾಯ್ತಿದೆ."

ಸೂಜಿಗಳು ಬಾಯಿಂದ ಈಚೆ ಬಂದವು. "ನನ್ನ ನೀರಾ? ಬನ್ನಿ, ನೋಡಿ. ನಾನು ಬಟ್ಟೆ ಒಗೆಯೋದು ಬಚ್ಚಲಲ್ಲಿ. ಈಗ ಬಿದ್ದಿದ್ದು ಕೂಲರಿನ ಹನಿ. ಚೆನ್ನಾಗಿದೆ ಕಣ್ರೀ! ಗಿಡ ಸತ್ರೆ ಮೇಲಿನ ಮನೆಯವ್ರು, ಹಾಲು ಉಕ್ಕಿದ್ರೆ ಕೆಳಗಿನ ಮನೆಯವ್ರು. ಒಳಗಿರೋರನ್ನ ಯಾವತ್ತು ಕೇಳ್ತೀರಿ?"

ಬಾಗಿಲು ಮುಖದೆದುರೇ ಧಡಾರನೆ ಮುಚ್ಚಿತು. ಇಳಿಯುತ್ತಾ ಬಂದಂತೆ ಆ ಮಾತು ತಲೆಯಲ್ಲಿ ಕೊರೆಯತೊಡಗಿತು. ಒಳಗಿರುವವರು ಎಂದರೆ? ಹಾಸಿಗೆಯಲ್ಲಿರುವ ನನ್ನ ಗಂಡನೇ? ಮಾತ್ರೆ! ಅವರು ಮಾತ್ರೆ ನುಂಗುತ್ತಿಲ್ಲವೇ? ನಾನು ಬೆನ್ನು ತಿರುಗಿಸಿದ ಮೇಲೆ ಕುಂಡದಲ್ಲಿ ಹೂಳುತ್ತಿದ್ದಾರೆಯೇ?

ಬಾಲ್ಕನಿಗೆ ಬಂದವಳೇ ಮಂಡಿಯೂರಿ ಮಣ್ಣನ್ನು ಬೆರಳಲ್ಲಿ ಕೆದಕಿದೆ. ಒಂದಾದ ಮೇಲೊಂದು ಕುಂಡ ಬಗೆದೆ. ಮಾತ್ರೆಯ ಗುರುತೇ ಇಲ್ಲ. ಬರೀ ಕೆಸರು, ಕಪ್ಪಾದ ಬೇರು, ಕೆಳಗಿನ ತಟ್ಟೆಯಲ್ಲಿ ಅಂಚಿನ ತನಕ ನೀರು. ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದಿಯಲ್ಲಿ ಗಾಳಿ ಇರಬೇಕಾದ ಜಾಗಕ್ಕೆಲ್ಲ ನೀರು ತುಂಬಿ ಉಸಿರುಕಟ್ಟಿಸಿತ್ತು.

ಆದರೆ ಇಷ್ಟು ನೀರು ಹಾಕಿದವರು ಯಾರು? ಅವರು ಏಳುವುದಿಲ್ಲವೆಂದು ಖಾತ್ರಿಯಾದ ಮೇಲೆ ಹಾಲು ಕಾಯುವಷ್ಟರಲ್ಲಿ ನಾನೇ ಒಂದೊಂದು ಚೊಂಬು ಸುರಿದು ಒಳಗೆ ಓಡುತ್ತಿದ್ದೆ. ಮಣ್ಣು ಮುಟ್ಟಿ ನೋಡುವ ಪುರುಸೊತ್ತು ಎಲ್ಲಿತ್ತು? ಆದರೂ ಒಂದು ಚೊಂಬಿಗೆ ಇಷ್ಟಾಗದು. ಹಾಗಾದರೆ ಅವರೇ ಎದ್ದು ಹಾಕುತ್ತಿದ್ದಾರೆಯೇ? ಸತ್ತ ಗಿಡದ ಮುಂದೆ ಕುಳಿತು ನನಗೆ ಹುಚ್ಚು ಸಂತೋಷವಾಯಿತು.

ಒಳಗೆ ಹೆಜ್ಜೆಯ ಸದ್ದು. ಅವರೇ ಎಂದುಕೊಂಡು ಬೆಡ್‌ಶೀಟಿನ ಹಿಂದೆ ಸರಿದೆ.

ಬಂದವಳು ಮಗಳು. ಸುಮ್ಮನೆ ನಿಂತದ್ದೇ ಇಲ್ಲವೆಂದು ನಾವು ಗಿರಗಿಟ್ಲೆ ಎಂದು ಕರೆಯುವ ಹುಡುಗಿ, ಈಗ ತುದಿಗಾಲಲ್ಲಿ ನಡೆಯುತ್ತಿದ್ದಳು. ಕೈಯಲ್ಲಿ ಹಲ್ಲುಜ್ಜುವ ಮಗ್ಗು. ಮಣ್ಣು ಕೆದರಿದ್ದನ್ನೂ ಗಮನಿಸದೆ ಅವಸರದಲ್ಲಿ ಪ್ರತಿ ಕುಂಡಕ್ಕೂ ನೀರು ಹಾಕಿ, ಚೆಲ್ಲಿದ್ದನ್ನು ಕಾಲುಚೀಲದಿಂದ ಒರೆಸಿದಳು. ಅಪ್ಪನ ಕೋಣೆಯ ಬಾಗಿಲಿಗೆ ಹೋಗಿ, ಅಡುಗೆಮನೆಗೂ ಕೇಳುವ ಹಾಗೆ ಕೂಗಿದಳು: "ಅಪ್ಪಾ, ಇವತ್ತು ನೀನೇ ನೀರು ಹಾಕ್ದೆ ಅಲ್ವಾ? ಶಭಾಷ್!"



ಬೆಡ್‌ಶೀಟು ಸರಿಸಿದೆ. ಮಗಳು ಬೆಚ್ಚಿಬಿದ್ದು ಮಗ್ಗನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಾನೇನೂ ಮಾಡ್ಲಿಲ್ಲ."

"ಬಾ ಇಲ್ಲಿ ಕಂದ. ಯಾಕೆ ಕದ್ದು ಹಾಕ್ತೀಯಾ?"

"ಅಪ್ಪ ಹಾಕ್ಲಿಲ್ಲ ಅಂತ ಗೊತ್ತಾದ್ರೆ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅಳ್ತೀಯ." ತಲೆ ತಗ್ಗಿಸಿದಳು. "ಹೊರಗೆ ಕೇಳುತ್ತಮ್ಮ. ನಲ್ಲಿ ಸದ್ದು ಸಾಲಲ್ಲ."

ಕೆಸರು ಕೈಯಲ್ಲೇ ಅವಳನ್ನು ಎಳೆದುಕೊಂಡೆ. "ನಾನೂ ಕದ್ದು ಹಾಕ್ತಿದ್ದೆ ಕಣೇ."

"ನೀನೂನಾ?" ಕುಂಡಗಳತ್ತ ನೋಡಿದಳು. "ಅಯ್ಯೋ, ಪಾಪ ಗಿಡ."

ಇಬ್ಬರಿಗೂ ನಗು ಬಂತು. ಮಗಳು ಥಟ್ಟನೆ ನಗು ನಿಲ್ಲಿಸಿದಳು. ಬಾಗಿಲಲ್ಲಿ ಅವರು ನಿಂತಿದ್ದರು, ಮುದುಡಿದ ಅಂಗಿಯಲ್ಲಿ, ಚೌಕಟ್ಟು ಹಿಡಿದುಕೊಂಡು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅಪ್ಪಂಗೆ ಸ್ವಲ್ಪ ಬೆನ್ನು…" ಎಂದು ನಾನು ರೂಢಿಯಂತೆ ಶುರುಮಾಡಿದೆ. ಮಗಳು ಒದ್ದೆ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಅವಳ ಕಣ್ಣು ಅಪ್ಪನ ಮುಖ ಬಿಟ್ಟು ಕದಲಲಿಲ್ಲ.

"ಅಪ್ಪಾ, ನಾವು ನಿಂಗೆ ಬೇಡ್ವಾ?"