ಗುಲಾಬಸಾಬನ ಎಡಗೈ

ಹತ್ತೂ ಬೆರಳು ಇಟ್ಟುಕೊಂಡೇ ಮಣ್ಣಿಗೆ ಹೋಗುತ್ತೇನೆಂದು ಗುಲಾಬಸಾಬ ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟಿದ್ದ. ಈಗ ಬೆಂಗೇರಿಯ ಮನೆಯ ಹಿತ್ತಲಲ್ಲಿ, ಅಡ್ಡ ಕಟ್ಟಿದ ಚಾದರದ ಆಚೆ, ಅವನ ಮೈಗೆ ಕೊನೆಯ ನೀರು ಬೀಳುತ್ತಿತ್ತು.

ಈಚೆ ಕೂತ ಹೆಂಡತಿ ಮಕ್ತುಮಬಿಗೆ ಒಂದೇ ಚಿಂತೆ. ನಿನ್ನೆ ತಾರಿಹಾಳದ ಕಾರ್ಖಾನೆಯಲ್ಲಿ ಮಷೀನಿನ ಮುಂದೆಯೇ ಎದೆ ಹಿಡಿದು ಬಿದ್ದವನನ್ನು, ಆಸ್ಪತ್ರೆಯವರು ಎಡಗೈಗೆ ದಪ್ಪ ಪಟ್ಟಿ ಸುತ್ತಿ ಕಳಿಸಿದ್ದರು.

“ಬೀಳೂವಾಗ ಕೈ ಮಷೀನಿನ್ಯಾಗ ಇತ್ತಂತವಾ,” ಎಂದು ಪಕ್ಕದ ಮನೆಯ ಗೋದಾಬಾಯಿ ಬೇರೆ ಅಂದಿದ್ದಳು.

“ಹಫೀಜ, ಪಟ್ಟಿ ಬಿಚ್ಚಿದ್ಯೇನೋ?”

“ತಡಿ ಆಪಾ,” ಎಂದ ತಮ್ಮ ಒಳಗಿನಿಂದ. “ರಕ್ತ ಒಣಗಿ ಅಂಟಕೊಂಡೈತಿ. ನೆನಸಾಕತ್ತೇನಿ.”

*

ಅವಳ ಅಪ್ಪನ ಮೂರು ಬೆರಳನ್ನು ಪ್ರೆಸ್ ಮಷೀನು ತಿಂದಿತ್ತು. ತುತ್ತು ಬಾಯಿಗೆ ಮುಟ್ಟುವ ಮೊದಲೇ ಉದುರುವುದನ್ನು ನೋಡುತ್ತ ಬೆಳೆದವಳು.

“ನಂದು ಕಂಪ್ಯೂಟರ್ ಮಷೀನ. ನಾ ಬರದಂಗ ಕೇಳತೈತಿ,” ಎಂದು ಗುಲಾಬಸಾಬ ನಕ್ಕಿದ್ದ.

“ಮೊದಲ ನೀವು ನಾ ಹೇಳಿದಂಗ ಕೇಳ್ರಿ. ತಿರಗೂ ಮಷೀನಿನ್ಯಾಗ ಕೈ ಹಾಕಬ್ಯಾಡ್ರಿ.”

ಕೇಳಿದ. ಯಾವ ಪ್ರೋಗ್ರಾಂ ಬರೆದರೂ, ಕಟರ್ ಹೊಸ ಗುಳಿ ಕೊರೆಯಲು ಇಳಿಯುವ ಮುಂಚೆ ಒಂದು ನಿಲುಗಡೆ ಸೇರಿಸುತ್ತಿದ್ದ. ಕಟರ್ ಮೇಲೇರಿ, ತಿರುಗುವುದನ್ನು ಬಿಟ್ಟು ಕಾಯಬೇಕು. ಅವನು ಬಾಗಿಲು ತೆರೆದು, ಕಬ್ಬಿಣದ ಚೂರು ಬಳಿದು, ಗುಂಡಿ ಒತ್ತಿದರೆ ಮಾತ್ರ ಮುಂದಿನ ಕೆಲಸ. ಉಳಿದವರು ತಿರುಗುವ ಕಟರಿನ ಕೆಳಗೇ ಕೈ ಹಾಕುತ್ತಿದ್ದರು.

“ಸಾಬ್ರ, ನಿಮ್ಮ ಮಷೀನ ಸಿಟಿ ಬಸ್ ಆಗೇತಿ ನೋಡ್ರಿ. ಕಂಡಲ್ಲೆಲ್ಲಾ ನಿಲ್ಲತೈತಿ,” ಎಂದು ಮಾಲಕ ಶಶಿಕುಮಾರ ಕಾಡುತ್ತಿದ್ದ. ಹೋದ ತಿಂಗಳು ಅವನ್ನೆಲ್ಲ ತೆಗೆದುಹಾಕಲು ಹೇಳಿದ್ದ. ತೆಗೆದನೋ ಇಲ್ಲವೋ, ಗುಲಾಬಸಾಬ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

*

ಶಶಿಕುಮಾರ ಚಪ್ಪಲಿ ಬಿಟ್ಟು ಹಿತ್ತಲಿಗೆ ಬಂದ. ಮಕ್ತುಮಬಿಯ ಮುಂದೆ ಕೈಕಟ್ಟಿ ನಿಂತ.

“ಅಕ್ಕಾರ, ನಿಲುಗಡಿ ತಗೀರಿ ಅಂದಿದ್ದೆ. ಸಾಬ್ರು ಹೂಂ ಅಂದ್ರು. ತಗದೇ ಇಲ್ಲ.”

“ಅಂದ್ರ?”

“ನಾ ಓಡಿಹೋದಾಗ ಮಷೀನ ನಿಂತಿತ್ತು. ಮ್ಯಾಲ ಕಟರ್, ಕೆಳಗ ಅವರ ಕೈ. ಗುಂಡಿ ಒತ್ತೋದನ್ನ ಕಾಯಾಕತ್ತಿತ್ತು.”

“ಮತ್ತ ಪಟ್ಟಿ?”

“ಕಬ್ಬಿಣದ ಚೂರು ಅಂಗೈ ಸೀಳಿರಬೇಕ್ರಿ.”

ಕೇಳಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ಚಾದರದ ಅಂಚು ಸರಿಯಿತು.

“ನೋಡ್ಕೋ ಆಪಾ. ಎಲ್ಲಾ ಅದಾವ,” ಎಂದು ಹಫೀಜ ಒದ್ದೆ ಕೈಯನ್ನು ಈಚೆ ಹಿಡಿದ. “ಉಗರಾಗಿನ ಎಣ್ಣಿ ಮಸಿ ಒಂದ ಹೋಗವಲ್ದು.”

ಅಂಗೈಯಲ್ಲಿ ಉದ್ದಕ್ಕೊಂದು ಸೀಳು. ಮಕ್ತುಮಬಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದನ್ನೇ ಮುಟ್ಟಿದಳು. ಐದೂ ಇದ್ದವು.

“ಮಸಿ ಇರ್ಲಿ ಬಿಡು,” ಎಂದಳು. “ಈಗ ಒಯ್ರಿ.”

ಗುಲಾಬಸಾಬ ಕೊಟ್ಟ ಮಾತು ನಡೆಸಿದ್ದ.