ಖಂಡೇನವಮಿಯ ಫ್ಲಾಪಿ

ಆಯುಧಪೂಜೆಯ ಖಂಡೇನವಮಿಯ ದಿನ ಬೈಲಹೊಂಗಲದ ಆ ಮನೆಯಲ್ಲಿ ಪೂಜೆ ತಪ್ಪಿಸಿಕೊಂಡ ಹತ್ಯಾರವೇ ಇರಲಿಲ್ಲ. ಮನೆ ಕಟ್ಟುವ ಗೌಂಡಿ ಕಾಡಪ್ಪನ ಗಾರೆ ಕರಣಿಯಿಂದ ಅಡುಗೆಮನೆಯ ಈಳಿಗೆಯವರೆಗೆ ಎಲ್ಲಕ್ಕೂ ಅವನ ತಾಯಿ ತಾಯವ್ವ ಅರಿಷಿಣ ಕುಂಕುಮ ಹಚ್ಚಿದ್ದಳು. ಹತ್ಯಾರ ಕೊಡದೆ ಉಳಿದವಳು ಕಾಡಪ್ಪನ ಮಗಳು ಪೂನಮ್ ಒಬ್ಬಳೇ. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವಳು ರಜೆಗೆ ಬಂದಿದ್ದಳು.

“ನಿನ್ನ ಹತ್ಯಾರ ಯಾವುದವಾ?”

ಓದುತ್ತಿದ್ದ ಪೂನಮ್ ತಲೆಯೆತ್ತದೆ ಅಜ್ಜಿಗೆ ಚೀಲ ತೋರಿಸಿದಳು. “ಅದರಾಗ ಕರೇ ಫ್ಲಾಪಿ ಐತಿ ನೋಡು ಆಯಿ. ನನ್ನ ಸೆಮಿನಾರೆಲ್ಲಾ ಅದರಾಗ ಐತಿ.”

ಮೇಲೆ ಹಚ್ಚಿದ್ದರೆ ಒರೆಸಿದರೆ ಹೋಗುತ್ತಿತ್ತು. ಆದರೆ ತಾಯವ್ವ ಕಾಟಾಚಾರದ ಪೂಜೆ ಮಾಡುವ ಹೆಂಗಸಲ್ಲ. ಫ್ಲಾಪಿಯ ತಗಡಿನ ಪುಟ್ಟ ಬಾಗಿಲು ಸರಿಸಿ ಒಳಗಿನ ಕರಿ ತಟ್ಟೆಗೇ ಬೊಟ್ಟಿಟ್ಟಳು.

ಸೆಮಿನಾರಿನ ದಿನ ಲ್ಯಾಬಿನಲ್ಲಿ ಫ್ಲಾಪಿ ಕರಕರ ಎಂದಿತೇ ಹೊರತು ತೆರೆಯಲಿಲ್ಲ. ಹೊರತೆಗೆದು ಬಾಗಿಲು ಸರಿಸಿದರೆ ಕುಂಕುಮ! ಹಿಂದಿನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಪೂನಮ್‌ಳ ಪಾಲಿಗೆ ಅದು ನಗುವ ಮಾತಾಗಿರಲಿಲ್ಲ. ಮಣ್ಣಿನ ಇಟ್ಟಿಗೆಯ ಮನೆಗಳ ಬಗ್ಗೆ ಅವಳು ಹುಡುಕಿ ಬರೆದದ್ದೆಲ್ಲ ಆ ಫ್ಲಾಪಿಯಲ್ಲಿತ್ತು. ಇವತ್ತು ಮಾತಾಡದಿದ್ದರೆ ಅಂಕವಿಲ್ಲ. ಕನ್ನಡ ಸಾಲಿಯಲ್ಲಿ ಓದಿ ಬಂದವಳು ಇಷ್ಟೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವಳಿಗೆ ಅದೇ ದೊಡ್ಡ ಸಂಕಟ.

ಸೆಮಿನಾರಿಗೆ ಅಂಕ ಹಾಕಲು ಕೂತಿದ್ದ ಶೀತಲ ಮೇಡಂ ಮಾತ್ರ ನಗಲಿಲ್ಲ. “ಇನ್ನೊಂದು ಕಾಪಿ?”

“ಇಲ್ರಿ ಮೇಡಂ. ನಮ್ಮ ಆಯಿ ಪೂಜೆ...”

“ಒಂದ ಕಾಪಿ ಇಟ್ಟದ್ದು ನಿನ್ನ ತಪ್ಪು, ಆಯಿದಲ್ಲ. ಫ್ಲಾಪಿ ಹೋತು, ಹೋಗಲಿ. ಹುಡುಕಿದ ದಾರಿ ನೆನಪೈತಲ್ಲ? ಎಲ್ಲಾರ ಮುಂದ ಹುಡುಕಿ ತೋರಸು.”

ಇಂಟರ್ನೆಟ್ ಇದ್ದದ್ದು ಒಂದೇ ಕಂಪ್ಯೂಟರಿನಲ್ಲಿ. ಪುಟ ತೆರೆಯುವುದರೊಳಗೆ ಚಹಾ ಕುಡಿದು ಬರಬಹುದಿತ್ತು. ಎಲ್ಲರೂ ಸುತ್ತ ನಿಂತರು. ಪೂನಮ್ ಅಳುಕುತ್ತಲೇ ಮೊದಲು ಎರಡು ಪದ ಹೊಡೆದಳು, ಬೇಡದ ಪುಟಗಳೆಲ್ಲ ರಾಶಿ ಬಿದ್ದವು. ಪದ ಸೇರಿಸಿದಳು, ರಾಶಿ ಕರಗಿತು. ಮೊದಲು ಕಂಡ ಇಟ್ಟಿಗೆ ಕಂಪನಿಯ ಪುಟವನ್ನು ಬಿಟ್ಟಳು.

“ಅದನ್ಯಾಕ ಬಿಟ್ಟಿ?” ನಕ್ಕವರಲ್ಲೊಬ್ಬ ಕೇಳಿದ.

“ಇಟ್ಟಂಗಿ ಮಾರಾವ್ರು ತಮ್ಮ ಇಟ್ಟಂಗಿ ಕಚ್ಚಾ ಐತಿ ಅಂತಾರೇನು? ಯಾರು ಪರೀಕ್ಷಾ ಮಾಡ್ಯಾರ, ಹೆಂಗ ಮಾಡ್ಯಾರ ಅಂತ ಬರದಿದ್ದ ಪುಟಾನ ನಾ ತಗೊಂಡೇನಿ.”

ಮಾತಾಡುತ್ತ ಅವಳ ಅಳುಕು ಹೋಯಿತು. ಹಿಂದಿನ ಬೆಂಚಿನವರು ಪೆನ್ನು ತೆಗೆದರು.

ದೀಪಾವಳಿಗೆ ಊರಿಗೆ ಹೊರಟಾಗ, ಇನ್ನು ಮುಂದೆ ಫ್ಲಾಪಿ ಮುಟ್ಟಬೇಡ ಎಂದು ಹೇಳಲು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಳು. ಬಾಗಿಲಲ್ಲೇ ತಾಯವ್ವ ಕೇಳಿದಳು:

“ಪೂಜೆ ಮಾಡಿದ್ದು ಚಲೋ ಆತಿಲ್ಲವಾ?”

ಆ ಮುಖ ನೋಡಿ ಪೂನಮ್‌ಗೆ ಅಳುವಷ್ಟು ಪ್ರೀತಿ ಉಕ್ಕಿತು. ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು.

“ಭಾಳ ಚಲೋ ಆತು ಆಯಿ. ನಾ ಹೇಳಿದ್ದನ್ನ ಎಲ್ಲಾರೂ ಬರಕೊಂಡ್ರು.” ಅದೇನು ಸುಳ್ಳಲ್ಲ.

ಮರುವರ್ಷದ ಖಂಡೇನವಮಿಗೆ ಹೊಸ ಫ್ಲಾಪಿಯ ಒಂದು ಕಾಪಿ ಹಾಸ್ಟೆಲಿನಲ್ಲಿತ್ತು, ಇನ್ನೊಂದು ಶೀತಲ ಮೇಡಂ ಕಪಾಟಿನಲ್ಲಿ. ಪೂನಮ್ ಕರಣಿಯ ಪಕ್ಕ ಕುಂಕುಮ ಹತ್ತಿದ ಆ ಹಳೆಯ ಫ್ಲಾಪಿಯನ್ನೇ ಇಟ್ಟಳು.

“ಈ ಸಲ ತುಸು ಜಾಸ್ತಿ ಹಚ್ಚತೇನಿ,” ಎಂದಳು ತಾಯವ್ವ.

ಪೂನಮ್ ತಗಡಿನ ಬಾಗಿಲನ್ನು ತಾನೇ ಸರಿಸಿ ಹಿಡಿದಳು.