ಜೇಗೊ ಟ್ರೆವೆನ್ನಾ ಬಾಯಿ ಬಿಡದ ಶುಕ್ರವಾರ

ಜೇಗೊ ಟ್ರೆವೆನ್ನಾ ಮಾತಾಡದ ವಿಷಯ ಆ ಸಭೆಯಲ್ಲಿ ಒಂದೂ ಉಳಿದಿರಲಿಲ್ಲ. ಕಾರ್ನ್‌ವಾಲ್‌ನ ಪೊಲ್‌ವೆಲಾ ಬಂದರಿನ ಜನ ಇಪ್ಪತ್ಮೂರು ವರ್ಷಗಳಿಂದ ಅವನನ್ನು ಆರಿಸಿ ಲಂಡನ್ನಿನ ಪಾರ್ಲಿಮೆಂಟಿಗೆ ಕಳಿಸುತ್ತಿದ್ದರು. ಅವನು ಅಲ್ಲಿ ಇಪ್ಪತ್ಮೂರು ವರ್ಷಗಳಿಂದ ಎದ್ದು ನಿಲ್ಲುತ್ತಿದ್ದ. ಜೇನುಹುಳುವಿನ ರೋಗ, ಪೆರು ದೇಶದ ಭೂಕಂಪ, ಹಲ್ಲಿನ ಡಾಕ್ಟರುಗಳ ಕೊರತೆ, ರೈಲಿನ ಕಕ್ಕಸು, ಚರ್ಚಿನ ಗಂಟೆಗೋಪುರದ ಬಾವಲಿ, ಎಲ್ಲದಕ್ಕೂ ಅವನದೊಂದು ಮಾತು ಇರಲೇಬೇಕು. ದಿನದ ಕೊನೆಯ ಅರ್ಧ ಗಂಟೆಯಲ್ಲಿ ಯಾರೋ ಒಬ್ಬ ಸದಸ್ಯ ತನ್ನೂರಿನ ಕಷ್ಟವನ್ನು ಒಬ್ಬ ಮಂತ್ರಿಯ ಮುಂದೆ, ಖಾಲಿ ಬೆಂಚುಗಳ ನಡುವೆ ತೋಡಿಕೊಳ್ಳುತ್ತಿದ್ದರೆ ಅಲ್ಲೂ ಜೇಗೊ ಹಾಜರು. "ಮಾನ್ಯ ಸದಸ್ಯರು ಒಂದು ನಿಮಿಷ ಅವಕಾಶ ಕೊಡುವರೇ? ಪೊಲ್‌ವೆಲಾದಲ್ಲಿ ಕಾಲುವೆಯೇ ಇಲ್ಲ. ಇದ್ದಿದ್ದರೆ ಅದರಲ್ಲೂ ಇದೇ ಹೂಳು ತುಂಬುತ್ತಿತ್ತು." ಜನ ನಗುತ್ತಿದ್ದರು. ಆದರೆ ಒಂಟಿಯಾಗಿ ನಿಂತು ಮಾತಾಡುತ್ತಿದ್ದವನಿಗೆ ಯಾರೋ ಒಬ್ಬ ಕೇಳಿಸಿಕೊಂಡನಲ್ಲ ಎಂದು ಎದೆ ತಣ್ಣಗಾಗುತ್ತಿತ್ತು. ಅಷ್ಟು ಮಟ್ಟಿಗೆ ನಮ್ಮ ಜೇಗೊ ಒಳ್ಳೆಯವನೇ.

ಸಾಮಾನ್ಯ ಸದಸ್ಯರು ತಮ್ಮದೇ ಮಸೂದೆ ತರಬೇಕೆಂದರೆ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಇಪ್ಪತ್ತೆರಡು ವರ್ಷ ಕೈಕೊಟ್ಟ ಚೀಟಿ ಈ ವರ್ಷ ಅವನ ಹೆಸರಿಗೆ ಬಂತು. ಜೇನುಹುಳು ತರುತ್ತಾನೋ ಬಾವಲಿ ತರುತ್ತಾನೋ ಎಂದು ಗೆಳೆಯರು ಬಾಜಿ ಕಟ್ಟಿದರು. ಅವನು ತಂದದ್ದು ಮೊರ್ವೆನ್ನಾ ಪಾಸ್ಕೊ ಅವರ ವಿಷಯ.

ಮೊರ್ವೆನ್ನಾ ಅವರಿಗೆ ಎಂಬತ್ಮೂರು. ಪೊಲ್‌ವೆಲಾದ ಚಾಪೆಲ್ಲಿನಲ್ಲಿ ಭಾನುವಾರದ ಪಾಠ ಹೇಳುವಾಗ ಜೇಗೊನ ಕಿವಿಯನ್ನು ಬೇಕಾದಷ್ಟು ಸಲ ಹಿಂಡಿದವರು. ಹೋದ ವರ್ಷ ಅವರು ಸೊಂಟ ಮುರಿದುಕೊಂಡರು, ಗಂಡ ಡೆನ್ಜಿಲ್ ಅವರ ಕಣ್ಣು ಪೂರ್ತಿ ಮಂಜಾಯಿತು. ಇಬ್ಬರಿಗೂ ಆರೈಕೆ ಬೇಕಾಯಿತು. ಅಧಿಕಾರಿಗಳು ಕಾಗದ ನೋಡಿದರು. ಈಕೆಯದು ಒಂದು ಬಗೆಯ ಆರೈಕೆ, ಆತನದು ಇನ್ನೊಂದು ಬಗೆ, ಎಂದು ಈಕೆಯನ್ನು ಊರಲ್ಲಿದ್ದ ವೃದ್ಧಾಶ್ರಮಕ್ಕೂ ಆತನನ್ನು ನಲವತ್ತು ಮೈಲಿ ಆಚೆಯ ಆಶ್ರಮಕ್ಕೂ ಹಾಕಿದರು. ಬುಧವಾರ ಬುಧವಾರ ಮೊರ್ವೆನ್ನಾ ಕೋಲೂರಿಕೊಂಡು ಎರಡು ಬಸ್ಸು ಬದಲಿಸಿ ಗಂಡನನ್ನು ನೋಡಿಕೊಂಡು ಬರುತ್ತಿದ್ದರು. ಇಬ್ಬರೂ ಬೇಡ ಅನ್ನದಿದ್ದರೆ ಗಂಡ ಹೆಂಡಿರನ್ನು ಒಂದೇ ಸೂರಿನಡಿ ಇಡಬೇಕು, ಇಷ್ಟೇ ಜೇಗೊನ ಮಸೂದೆ. ಒಂದು ಹಾಳೆಯ ಒಂದೇ ಮಗ್ಗುಲು.

ತೊಡಕಿದ್ದದ್ದು ಶುಕ್ರವಾರದಲ್ಲಿ. ಇಂಥ ಮಸೂದೆಗಳಿಗೆ ಶುಕ್ರವಾರವೇ ಮೀಸಲು. ಮಧ್ಯಾಹ್ನ ಎರಡೂವರೆ ಹೊಡೆದರೆ ಕೆಲಸ ಬಂದ್. ಆ ಗಳಿಗೆಯಲ್ಲಿ ಯಾರಾದರೂ ಇನ್ನೂ ಮಾತಾಡುತ್ತಿದ್ದರೆ ಮಸೂದೆ ಸತ್ತ ಹಾಗೆ. ಅದು ಸರದಿಯ ತುದಿಗೆ ಹೋಗಿ ನಿಲ್ಲುತ್ತದೆ, ಆ ಸರದಿ ಎಂದೂ ಬರುವುದಿಲ್ಲ. ಹಾಗಾಗಿ ಬೇಡವಾದವರು ವಿರೋಧಿಸುವ ಗೋಜಿಗೇ ಹೋಗುವುದಿಲ್ಲ, ಗಡಿಯಾರ ನೋಡುತ್ತ ಕೊರೆಯುತ್ತಾರೆ. ಇನ್ನೂ ದೊಡ್ಡ ಅಪಾಯ ಬೇಕಾದವರಿಂದ. ಅವರೂ ಎದ್ದು ಹತ್ತು ಹತ್ತು ನಿಮಿಷ ಹೊಗಳುತ್ತಾರೆ. ಎಷ್ಟೋ ಒಳ್ಳೆಯ ಮಸೂದೆಗಳು ಹೊಗಳಿಕೆಯಲ್ಲೇ ಉಸಿರುಗಟ್ಟಿ ಹೋಗಿವೆ.

ಮಸೂದೆ ಬರುವ ವಾರದ ಬುಧವಾರ ಬೆಳಿಗ್ಗೆ ಟ್ಯಾಮ್ಸಿನ್ ಅವನ ಮೇಜಿನ ಮೇಲಿನ ಕಟ್ಟನ್ನು ಎರಡು ಬೆರಳಿನಲ್ಲಿ ಎತ್ತಿದಳು. ಇಪ್ಪತ್ತು ವರ್ಷಗಳಿಂದ ಅವನ ಕಚೇರಿ ನೋಡಿಕೊಳ್ಳುತ್ತಿದ್ದವಳು ಅವಳು. ಅವನ ಹೆಂಡತಿಗಿಂತ ಹೆಚ್ಚು ಅವನ ಮಾತು ಕೇಳಿದವಳು.

"ಏನಿದು?"

"ನನ್ನ ಭಾಷಣ."

"ಎಷ್ಟು ಪುಟ?"

"ನಲವತ್ತೊಂದು. ಪೀಠಿಕೆ ಬಿಟ್ಟು."

"ನಾಲ್ಕಕ್ಕೆ ಇಳಿಸಿ."

"ನಾಲ್ಕೇ ಪುಟಾನಾ?"

"ನಾಲ್ಕು ವಾಕ್ಯ. ಮೊದಲನೇ ಮಸೂದೆ ಕೆಂಪಳಿಲಿನದು, ನಿಮ್ಮದು ಎರಡನೇದು. ಅಳಿಲಿನ ಬಗ್ಗೆ ನೀವು ತುಟಿ ಎರಡು ಮಾಡಂಗಿಲ್ಲ."

ಜೇಗೊನ ಮುಖ ಸಣ್ಣದಾಯಿತು. "ಅಳಿಲು ಕಣೇ, ಟ್ಯಾಮ್ಸಿನ್! ಚಿಕ್ಕಂದಿನಿಂದ ನನಗೆ..."

"ಗೊತ್ತು. ಚಿಕ್ಕಪ್ಪನ ತೋಟ, ಹೇಜಲ್ ಕಾಯಿ, ಎಲ್ಲಾ ಗೊತ್ತು. ಆಮೇಲೆ ಸರ್ ಕ್ರಿಸ್ಪಿನ್ ಏಳ್ತಾನೆ. ಅವನು ಏನೇ ಅಂದ್ರೂ ನೀವು ಏಳಬಾರದು."

ಸರ್ ಕ್ರಿಸ್ಪಿನ್ ಹೇಜಲ್‌ಡೀನ್ ಪಕ್ಕದ ಡೆವನ್ ಸೀಮೆಯವನು. ದೇಶದಲ್ಲಿ ಕಾನೂನು ಹೆಚ್ಚಾಯಿತು, ಹೊಸದೊಂದೂ ಬೇಡ ಎಂಬುದು ಅವನ ವ್ರತ. ಶುಕ್ರವಾರಗಳಲ್ಲಿ ಮೂರು ಮೂರು ಗಂಟೆ ನಿಂತು ಮಾತಾಡಿದ್ದಾನೆ. ಅದು ಹೇಗೆ ಸಾಧ್ಯ ಎಂದು ಹೊಸಬರು ಬೆರಗಾಗುತ್ತಿದ್ದರು.

"ನೀವೇ ಕಣ್ರೀ ಅದಕ್ಕೆ ಕಾರಣ," ಎಂದಳು ಟ್ಯಾಮ್ಸಿನ್. "ಅವನು ಏನೋ ಒಂದು ತಪ್ಪು ಹೇಳ್ತಾನೆ, ನೀವು ತಿದ್ದೋಕೆ ಏಳ್ತೀರಿ. ಅವನು ಕೂತು ಸುಧಾರಿಸ್ಕೊಂಡು ನೀರು ಕುಡೀತಾನೆ. ಆಮೇಲೆ ನೀವು ಹೇಳಿದ್ದಕ್ಕೆ ಹತ್ತು ನಿಮಿಷ ಉತ್ತರ ಕೊಡ್ತಾನೆ. ಅವನ ಒಲೆಗೆ ಸೌದೆ ಹಾಕ್ತಿರೋದು ನೀವು."

ಜೇಗೊ ನಲವತ್ತೊಂದು ಪುಟವನ್ನೂ ಮೇಜಿನ ಖಾನೆಗೆ ಹಾಕಿ ಮುಚ್ಚಿದ. ಆಮೇಲೆ ಎರಡು ದಿನ ಕಾರಿಡಾರುಗಳಲ್ಲಿ, ಟೀ ಕೋಣೆಯಲ್ಲಿ ಸಿಕ್ಕ ಸಿಕ್ಕವರ ಕೈ ಹಿಡಿದುಕೊಂಡು, ಶುಕ್ರವಾರ ದಯವಿಟ್ಟು ಬನ್ನಿ, ಬಂದು ದಯವಿಟ್ಟು ಸುಮ್ಮನಿರಿ ಎಂದು ಬೇಡಿಕೊಂಡ. ಇಂಥ ಮಾತು ಇಂಥವನ ಬಾಯಲ್ಲಿ ಕೇಳಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊರ್ವೆನ್ನಾ ಗುರುವಾರವೇ ರೈಲಿನಲ್ಲಿ ಬಂದು ಟ್ಯಾಮ್ಸಿನ್‌ಳ ಮನೆಯಲ್ಲಿ ಇಳಿದುಕೊಂಡರು. ಶುಕ್ರವಾರ ಬೆಳಿಗ್ಗೆ ಒಳ್ಳೆಯ ಟೋಪಿ ಇಟ್ಟುಕೊಂಡು, ಮೇಲಿನ ಗ್ಯಾಲರಿಯಲ್ಲಿ ಗಾಜಿನ ತಡೆಯಿಲ್ಲದ ಮುಂದಿನ ಸಾಲಿನಲ್ಲಿ, ಸದಸ್ಯರ ಅತಿಥಿಗಳು ಕೂರುವಲ್ಲಿ ಕೂತರು. ಜೊತೆಗೆ ಟ್ಯಾಮ್ಸಿನ್.

"ಇವತ್ತು ಎಷ್ಟು ಹೊತ್ತು ಮಾತಾಡ್ತಾನೆ ನಮ್ಮ ಜೇಗೊ?"

"ಅರ್ಧ ನಿಮಿಷ."

"ತಮಾಷೆ ಮಾಡ್ಬೇಡಮ್ಮ," ಎಂದರು ಮೊರ್ವೆನ್ನಾ.

ಒಂಬತ್ತೂವರೆಗೆ ಅಳಿಲು ಶುರುವಾಯಿತು. ಆ ದೇಶದಲ್ಲಿ ಕೆಂಪಳಿಲನ್ನು ಕಂಡರೆ ಆಗದವರಿಲ್ಲ, ಎಲ್ಲರೂ ಎದ್ದರು. ಜೇಗೊ ಮಾತ್ರ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಯಾರೋ ಒಬ್ಬ ಅಳಿಲು ಚಳಿಗಾಲವಿಡೀ ನಿದ್ದೆ ಮಾಡುತ್ತದೆ ಎಂದ. ಅದು ನಿದ್ದೆ ಮಾಡುವುದಿಲ್ಲ! ಜೇಗೊನ ಹಣೆಯಲ್ಲಿ ಬೆವರೊಡೆಯಿತು. ಹನ್ನೊಂದರ ಹೊತ್ತಿಗೆ ಪೀಠದಲ್ಲಿದ್ದ ಉಪಸಭಾಧ್ಯಕ್ಷೆಯಿಂದ ಒಂದು ಚೀಟಿ ಬಂತು: ಮೈಯಲ್ಲಿ ಹುಷಾರಿಲ್ಲವೇ? ಜೇಗೊ ಅದರ ಹಿಂದೆಯೇ ಬರೆದ: ಚೆನ್ನಾಗಿದ್ದೇನೆ, ದಯವಿಟ್ಟು ಕರೆಯಬೇಡಿ. ಆಕೆ ಎರಡು ಸಲ ಓದಿ ಚೀಟಿಯನ್ನು ಮಡಿಸಿ ಜೇಬಿಗೆ ಸೇರಿಸಿಕೊಂಡಳು.

ಒಂದಕ್ಕೆ ಐದು ನಿಮಿಷ ಇರುವಾಗ ಅಳಿಲು ಗೆದ್ದಿತು. ಜೇಗೊ ಎದ್ದ. ಇನ್ನು ಒಂದು ಗಂಟೆಯ ಭಾಷಣಕ್ಕೆ ಮೋಸವಿಲ್ಲ ಎಂದುಕೊಂಡು ಕೆಲವರು ಬೆನ್ನು ಒರಗಿಸಿ ಕಾಲು ಚಾಚಿದರು.

"ನಮ್ಮೂರಿನ ಮೊರ್ವೆನ್ನಾ ಮತ್ತು ಡೆನ್ಜಿಲ್ ಪಾಸ್ಕೊ ಅವರಿಗೆ ಮದುವೆಯಾಗಿ ಐವತ್ತೊಂಬತ್ತು ವರ್ಷ. ಇಬ್ಬರಿಗೂ ಆರೈಕೆ ಬೇಕಾಗಿತ್ತು, ಸಿಕ್ಕಿದೆ, ನಲವತ್ತು ಮೈಲಿ ಅಂತರದಲ್ಲಿ. ಹೀಗಾಗಬಾರದು ಎನ್ನುತ್ತದೆ ಈ ಮಸೂದೆ. ಒಪ್ಪಿಕೊಳ್ಳಿ."

ಕೂತ. ಚಾಚಿದ್ದ ಕಾಲುಗಳು ಗಡಬಡಿಸಿ ಹಿಂದೆ ಸರಿದವು.

ಆದರೆ ನಾರ್‌ಫೋಕ್‌ನ ದಪ್ಪ ಸದಸ್ಯನೊಬ್ಬನಿಗೆ ಎದೆ ತುಂಬಿ ಬಂತು. ಸುಮ್ಮನಿರುತ್ತೇನೆ ಎಂದು ಗುರುವಾರ ಟೀ ಕೋಣೆಯಲ್ಲಿ ಆಣೆ ಮಾಡಿದ್ದವನೇ ಎದ್ದು, ಒಂದೇ ಒಂದು ಮಾತು ಎಂದು ಶುರುಮಾಡಿ, ಜೇಗೊನ ಗುಣಗಾನವನ್ನು ಹದಿನೆಂಟು ನಿಮಿಷ ಮಾಡಿದ. ಹೊಗಳಿಸಿಕೊಂಡು ಇಷ್ಟು ಹಿಂಸೆಪಟ್ಟ ಮನುಷ್ಯ ಆ ಸಭೆಯಲ್ಲಿ ಹಿಂದೆ ಇದ್ದಿರಲಾರ. ಅಂತೂ ಆ ದಪ್ಪ ಸದಸ್ಯ ಕಣ್ಣೊರೆಸಿಕೊಂಡು ಕೂತಾಗ ಗಂಟೆ ಒಂದೂಕಾಲಾಗಿತ್ತು. ಸರ್ ಕ್ರಿಸ್ಪಿನ್ ಎದ್ದ.

ಮೊದಲ ಅರ್ಧ ಗಂಟೆ ಸಲೀಸಾಗಿ ಹೋಯಿತು. ಮದುವೆಯ ಇತಿಹಾಸ, ಸೂರು ಎಂದರೇನು, ಒಂದೇ ಸೂರು ಎಂದರೆ ಎಷ್ಟು ಸೂರು. ಯಾರೂ ತಡೆಯಲಿಲ್ಲ. ಎರಡಕ್ಕೆ ಹತ್ತು ನಿಮಿಷ ಇರುವಾಗ ಅವನ ಗಂಟಲು ಒಣಗಿತು. ಅಭ್ಯಾಸದಂತೆ ಜೇಗೊನ ಕಡೆ ನೋಡಿದ. ಜೇಗೊ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಸರಿ, ಗಾಳ ಹಾಕಿದ.

"ಆಶ್ರಮಗಳ ಊಟದ ವಿಷಯಕ್ಕೆ ಬಂದರೆ, ಪ್ಯಾಸ್ಟಿ ಕಡುಬು ಹುಟ್ಟಿದ್ದೇ ನಮ್ಮ ಡೆವನ್ನಿನಲ್ಲಿ ಎಂಬುದನ್ನು ಮರೆಯಬಾರದು."

ಪ್ಯಾಸ್ಟಿ ಎಂದರೆ ಕಾರ್ನ್‌ವಾಲಿನವರಿಗೆ ಪ್ರಾಣ. ಜೇಗೊನ ಮಂಡಿ ತಾನಾಗಿ ನೆಟ್ಟಗಾಗತೊಡಗಿತು. ಪಕ್ಕದಲ್ಲಿದ್ದ ಸದಸ್ಯೆ ಅವನ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದಳು.

"ಸ್ಕೋನ್ ಬನ್ನಿಗೆ ಮೊದಲು ಕೆನೆ ಸವರಿ ಆಮೇಲೆ ಜಾಮ್ ಹಾಕುವುದು ಸುಸಂಸ್ಕೃತರ ಕ್ರಮ. ತಲೆಕೆಳಗು ಮಾಡುವ ಕೆಲವು ಹಿಂದುಳಿದ ಬಂದರುಗಳೂ ಇವೆ, ಪಾಪ."

ಗ್ಯಾಲರಿಯಲ್ಲಿ ಮೊರ್ವೆನ್ನಾ ಅವರೇ "ಥೂ ನಿನ್ನ" ಎಂದರು. ಜೇಗೊ ಕಣ್ಣು ಮುಚ್ಚಿಕೊಂಡ.

"ಪೊಲ್‌ವೆಲಾದ ಗಂಡಸರ ಗಾಯನ ತಂಡವನ್ನು ನಾನು ಕೇಳಿದ್ದೇನೆ. ಎಡಗಡೆ ತುದಿಯಲ್ಲಿ ನಿಲ್ಲುವವರ ಶ್ರುತಿ ಸದಾ ಇಳಿದಿರುತ್ತದೆ."

ಎಡಗಡೆ ತುದಿಯಲ್ಲಿ ಮೂವತ್ತು ವರ್ಷದಿಂದ ನಿಲ್ಲುತ್ತಿದ್ದವನು ಜೇಗೊ. ಅವನ ಕಿವಿಯ ತನಕ ರಕ್ತ ನುಗ್ಗಿತು. ಇಡೀ ಸಭೆ ಅವನನ್ನೇ ನೋಡುತ್ತಿತ್ತು. ಅವನು ಏಳಲಿಲ್ಲ. ಸರ್ ಕ್ರಿಸ್ಪಿನ್ ಹಿಂದೆ ಹೇಳಿದ್ದನ್ನೇ ತಿರುಗಿ ಹೇಳತೊಡಗಿದ. ಉಪಸಭಾಧ್ಯಕ್ಷೆ, ಸೂರಿನ ವಿಷಯ ಒಮ್ಮೆ ಕೇಳಿದ್ದೇವೆ, ಹೇಳಿದ್ದನ್ನೇ ಹೇಳಿದರೆ ಕೂರಿಸಬೇಕಾಗುತ್ತದೆ ಎಂದು ಎಚ್ಚರಿಸಿದಳು. ಗಂಟೆ ಎರಡು ಹದಿನೈದು.

ಆಗ ಸರ್ ಕ್ರಿಸ್ಪಿನ್ ನಗುತ್ತ ಅಂದ: "ಐವತ್ತೊಂಬತ್ತು ವರ್ಷದ ಮೇಲೆ ನಲವತ್ತು ಮೈಲಿ ದೂರ ಸಿಕ್ಕಿದರೆ, ಆ ಗಂಡನಿಗೆ ಅದು ಕಷ್ಟವೋ ಬಿಡುಗಡೆಯೋ ಎಂದು ಯಾರಾದರೂ ವಿಚಾರಿಸಿದ್ದಾರೆಯೇ?"

ಜೇಗೊ ತಲೆಯೆತ್ತಿ ಗ್ಯಾಲರಿ ನೋಡಿದ. ಮೊರ್ವೆನ್ನಾ ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಅವನು ವಿಚಾರಿಸಿದ್ದ. ಒಂದು ಬುಧವಾರ ತಾನೇ ಆ ಆಶ್ರಮಕ್ಕೆ ಹೋಗಿದ್ದ. ಬಸ್ಸು ಬರುವುದು ಹನ್ನೊಂದಕ್ಕೆ. ಡೆನ್ಜಿಲ್ ಏಳು ಗಂಟೆಗೇ ಬೂಟು ಕಟ್ಟಿಸಿಕೊಂಡು, ಕಣ್ಣು ಕಾಣದಿದ್ದರೂ, ಕಿಟಕಿಯ ಪಕ್ಕ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಇದನ್ನು ಹೇಳಿದರೆ ಸಭೆಯಲ್ಲಿ ಒಬ್ಬನ ಕಣ್ಣೂ ಒಣಗಿರುವುದಿಲ್ಲ, ಸರ್ ಕ್ರಿಸ್ಪಿನ್ ನಾಚಿ ನೆಲಕ್ಕಿಳಿದು ಹೋಗುತ್ತಾನೆ. ಹೇಳಿದರೆ ಅವನ ಉತ್ತರವೂ ಸೇರಿ ಉಳಿದ ಹೊತ್ತೆಲ್ಲ ಹೋಗುತ್ತದೆ. ಜೀವಮಾನದಲ್ಲಿ ಅವನಿಗೆ ಹೊಳೆದ ಅತ್ಯುತ್ತಮ ಮಾತು ಅದು. ಅದನ್ನು ಅವನು ನುಂಗಿಕೊಂಡ.

ಯಾರೂ ನಗಲಿಲ್ಲ. ಯಾರೂ ಸಿಟ್ಟಿನಿಂದ ಕೂಗಲೂ ಇಲ್ಲ. ಕೂಗಿದ್ದರೆ ಸರ್ ಕ್ರಿಸ್ಪಿನ್‌ಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಆ ಮಾತು ಸಭೆಯ ನಡುವೆ ಬಿದ್ದಲ್ಲೇ ಬಿದ್ದಿತ್ತು, ಎಲ್ಲರೂ ಅದನ್ನು ನೋಡುತ್ತ ಕೂತಿದ್ದರು. ಅವನು ಕಾಗದ ತಿರುವಿದ, ಇನ್ನೊಂದು ತಿರುವಿದ.

"ಪೊಲ್‌ವೆಲಾದ ಮಾನ್ಯ ಸದಸ್ಯರು ಏನೋ ಕೇಳಬೇಕೆಂದಿರುವಂತೆ ಕಾಣುತ್ತದೆ. ನಾನು ಅವಕಾಶ ಕೊಡಲು ಸಿದ್ಧ."

ಜೇಗೊ ತಲೆಯಾಡಿಸಿದ, ಇಲ್ಲ ಎಂದು.

ಸರ್ ಕ್ರಿಸ್ಪಿನ್ ಕಾಗದಗಳನ್ನು ಒಟ್ಟುಮಾಡಿದ. ಆಮೇಲೆ, ಹೇಳಬೇಕಾದ್ದು ಮುಗಿಯಿತು ಎಂದು ಮೆಲ್ಲಗೆ ಹೇಳಿ ಕೂತುಬಿಟ್ಟ. ಗಂಟೆ ಎರಡು ಇಪ್ಪತ್ತೆರಡು.

ಮಂತ್ರಿ ಎರಡೇ ನಿಮಿಷ ತೆಗೆದುಕೊಂಡ: ಸರ್ಕಾರಕ್ಕೆ ಆಕ್ಷೇಪವಿಲ್ಲ, ಕಾನೂನಾಗುವುದು ಶರತ್ಕಾಲಕ್ಕೆ, ಆದರೆ ಪಾಸ್ಕೊ ದಂಪತಿಗಳ ವಿಷಯವಾಗಿ ಅಲ್ಲಿನ ಅಧಿಕಾರಿಗಳಿಗೆ ಸೋಮವಾರವೇ ಬರೆಯುತ್ತೇನೆ. ಉಪಸಭಾಧ್ಯಕ್ಷೆ ಎದ್ದಳು. "ಒಪ್ಪುವವರು ಹೌದು ಎನ್ನಿ."

"ಹೌದು!" ಎಂದಿತು ಸಭೆ. ಅದರ ಹಿಂದೆಯೇ, ಒಂದು ಕ್ಷಣ ತಡವಾಗಿ, ಮೇಲಿನಿಂದ ಇನ್ನೊಂದು ಹೌದು ಕೇಳಿಸಿತು. ಚಾಪೆಲ್ಲಿನ ಕೊನೆಯ ಬೆಂಚಿಗೂ ಮುಟ್ಟುವಂಥ ಹೌದು. ಉಪಸಭಾಧ್ಯಕ್ಷೆ ತನಗೇನೂ ಕೇಳಿಸದವಳಂತೆ ಮುಂದುವರಿದಳು. "ಒಪ್ಪದವರು?" ಸರ್ ಕ್ರಿಸ್ಪಿನ್ ನೀರು ಕುಡಿಯುತ್ತಿದ್ದ.

ಕರಿಕೋಟಿನ ದ್ವಾರಪಾಲಕ ಮೊರ್ವೆನ್ನಾ ಅವರನ್ನು ಹೊರಗೆ ಕರೆತಂದ. "ಅಮ್ಮಾ, ಗ್ಯಾಲರೀಲಿ ಕೂತವ್ರು ಬಾಯಿ ಬಿಡಂಗಿಲ್ಲ. ನೂರಾರು ವರ್ಷದ ಕಟ್ಟಳೆ ಇದು."

"ಆಯಮ್ಮ ಕೇಳಿದ್ಲಲ್ಲಪ್ಪ. ಪಾದ್ರಿ ಕೇಳಿದಾಗ್ಲೂ ಹೌದು ಅಂದಿದ್ದೆ, ಇವತ್ತೂ ಅಂದೆ. ನನ್ನ ಗಂಡನ ವಿಷಯಕ್ಕೆ ನಾನಲ್ದೆ ಇನ್ಯಾರು ಅನ್ಬೇಕು?"

ಮೆಟ್ಟಿಲು ಹತ್ತಿ ಓಡಿಬಂದ ಜೇಗೊ ಏನೋ ಹೇಳಲು ಹೊರಟ. ಮೊರ್ವೆನ್ನಾ ಅವನ ಕೆನ್ನೆ ತಟ್ಟಿ, "ಸಾಕು ಮರೀ, ಇವತ್ತು ಬೇಕಾದಷ್ಟು ಮಾತಾಡಿದೀಯ," ಎಂದರು. ಟ್ಯಾಮ್ಸಿನ್ ಆಶ್ರಮಕ್ಕೆ ಫೋನ್ ಹಚ್ಚಿ ಅವರ ಕೈಗೆ ಕೊಟ್ಟಳು.

"ಡೆನ್ಜಿಲ್? ಆಯ್ತು ಕಣೋ, ಒಪ್ಕೊಂಡ್ರು... ಜೇಗೊನಾ? ಅವನು ತುಟಿ ಬಿಚ್ಚಲಿಲ್ಲ."

ಡೆನ್ಜಿಲ್ ಅವರ ದನಿ ಫೋನಿನಿಂದ ಕಾರಿಡಾರಿಗೆಲ್ಲ ಕೇಳಿಸಿತು. "ಬೇರೆ ಏನ್ ಬೇಕಾದ್ರೂ ನಂಬ್ತೀನಿ ಕಣೇ, ಅದನ್ನ ಮಾತ್ರ ನಂಬಲ್ಲ. ಪೂರ್ತಿ ಹೇಳು."

"ಇಲ್ಲ," ಎಂದರು ಮೊರ್ವೆನ್ನಾ. "ಫೋನಲ್ಲಿ ಹೇಳಲ್ಲ. ಪಕ್ಕದಲ್ಲಿ ಕೂತು ಹೇಳ್ತೀನಿ."